ಯೆಹೂದಿ ಮೆನುಹಿನ್ನರ ಪಿಟೀಲು ಮತ್ತು ತಟ್ಟೆಯ ಮೇಲಿನ ತಾರೀಖು

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ತಿಂಗಳ ಕೂಟದಲ್ಲಿ ಕುಮಾರವ್ಯಾಸನನ್ನು ಕುರಿತು ಉಪನ್ಯಾಸವಾಗಿದೆ, ವಚನಗಳನ್ನು ಕುರಿತು ಆಗಿದೆ, ಆದಾಯ ತೆರಿಗೆಯನ್ನು ಕುರಿತು ಆಗಿದೆ, ಸಿಹಿಮೂತ್ರ ರೋಗವನ್ನು ಕುರಿತೂ ಆಗಿದೆ. ಪಾಶ್ಚಾತ್ಯರ ಪಿಟೀಲನ್ನು ಕುರಿತು ಮಾತ್ರ ಇದುವರೆಗೆ ಯಾರೂ ಬಾಯಿ ತೆರೆದಿರಲಿಲ್ಲ. ಕಾರ್ಯದರ್ಶಿಗಳು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದಾಗ, "ನಾನು ಸಂಗೀತಗಾರನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು" ಎಂದೆ. "ಚಿಂತೆಯಿಲ್ಲ, ಬ್ಯಾಂಕಿನವರು ಹೊತ್ತಿಗೆ ಸರಿಯಾಗಿ ಲೆಕ್ಕ ಮುಗಿಸುತ್ತಾರೆ" ಎಂದರು. ಆದ್ದರಿಂದ ನನ್ನಿಂದ ಸ್ವರಶಾಸ್ತ್ರವನ್ನು ತಾವು ನಿರೀಕ್ಷಿಸಬೇಡಿ. ಹತ್ತು ಹನ್ನೆರಡು ವರ್ಷಗಳಿಂದ ರಾತ್ರಿ ಊಟವಾದ ಮೇಲೆ ಒಬ್ಬ ಮಹಾ ವಾದಕರ ಧ್ವನಿಮುದ್ರಿಕೆಗಳನ್ನು ಕೇಳುತ್ತ ಬಂದಿದ್ದೇನೆ. ಹಾಗೆ ಕೇಳಿ ನಾನು ಕಲಿತ ಒಂದೇ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತೇನೆ.

ಆ ವಾದಕರು ಯೆಹೂದಿ ಮೆನುಹಿನ್. 1916ರ ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದವರು, 1999ರ ಮಾರ್ಚ್ 12ರಂದು ಬರ್ಲಿನ್ನಿನಲ್ಲಿ ತೀರಿಕೊಂಡವರು. ಯೆಹೂದಿ ಎಂಬುದು ನಮಗೆ ಒಂದು ಜನಾಂಗದ ಹೆಸರು. ಅವರಿಗೆ ತಾಯಿತಂದೆ ಇಟ್ಟ ಹೆಸರೇ ಅದು. ಬಾಡಿಗೆ ಮನೆ ತೋರಿಸಿದ ಒಡತಿಯೊಬ್ಬಳು ತಾನು ಯೆಹೂದ್ಯರಿಗೆ ಮನೆ ಕೊಡುವುದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಳಂತೆ. ಹುಟ್ಟಲಿರುವ ಮಗುವಿನ ಹೆಸರು ಕೇಳಿದವರಿಗೆಲ್ಲ ಅದರ ಕುಲ ತಿಳಿದುಬಿಡಲಿ ಎಂದು ತಾಯಿ ಆಗಲೇ ನಿಶ್ಚಯಿಸಿದರು. ಈ ಹೆಸರಿನ ಸಂಗತಿ ಮುಂದೆ ಬೇಕಾಗುತ್ತದೆ, ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮಲ್ಲಿಯೂ ಪಿಟೀಲು ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ನಮ್ಮ ಮನೆಯ ಸೊಸೆಯಾಗಿದೆ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹೂಡಿ, ಧ್ವನಿವರ್ಧಕವಿಲ್ಲದ ಸಭೆಯ ಕಡೆಯ ಸಾಲಿಗೂ ಮುಟ್ಟುವಂತೆ ನುಡಿಸಿದರು. ಆದರೆ ನಮ್ಮ ಕಚೇರಿಗಳಲ್ಲಿ ಪಿಟೀಲು ಹೆಚ್ಚಾಗಿ ಹಾಡುಗಾರನ ನೆರಳು. ಪಾಶ್ಚಾತ್ಯರ ಕಾನ್ಚೆರ್ಟೊ ಎಂಬ ಕೃತಿಯಲ್ಲಿ ಅದೇ ನಾಯಕ. ಎಂಬತ್ತು ತೊಂಬತ್ತು ಜನರ ವಾದ್ಯವೃಂದ ಒಂದು ಕಡೆ; ನಾಲ್ಕು ತಂತಿಯ ಒಂದು ಪಿಟೀಲು ಇನ್ನೊಂದು ಕಡೆ. ಸಾಮಾನ್ಯವಾಗಿ ಮೂರು ಭಾಗ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಸ್ವರಗಳೆಲ್ಲ ಬರೆದಿಟ್ಟವು, ಅದನ್ನು ಯಾರೂ ಮೀರುವಂತಿಲ್ಲ.

ಇಲ್ಲಿ ತಾವು ಒಂದು ಪ್ರಶ್ನೆ ಕೇಳಬಹುದು. ಎಲ್ಲವೂ ಬರೆದಿಟ್ಟದ್ದೇ ಆದರೆ ಒಬ್ಬನೇ ವಾದಕ ಒಂದೇ ಕೃತಿಯನ್ನು ನಾಲ್ಕು ಸಲ ಮುದ್ರಿಸುವುದೇಕೆ? ಬೀಥೋವನ್ನನ ಪಿಟೀಲು ಕಾನ್ಚೆರ್ಟೊವನ್ನು ಮೆನುಹಿನ್ನರು 1947ರಲ್ಲಿ ಮುದ್ರಿಸಿದರು, 1953ರಲ್ಲಿ ಮತ್ತೊಮ್ಮೆ, 1960ರಲ್ಲಿ, 1966ರಲ್ಲಿ ಮತ್ತೆ ಮತ್ತೆ. ಇಂದು ಕೈಯಲ್ಲಿರುವ ಫೋನಿನಲ್ಲಿ ಅವರ ಹೆಸರು ಒತ್ತಿದರೆ ಇವೆಲ್ಲ ಒಂದರ ಕೆಳಗೆ ಒಂದು ಬರುತ್ತವೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಕೃತಿ. ಪಕ್ಕದಲ್ಲಿ ವರ್ಷವೇನೋ ಇರುತ್ತದೆ, ಆದರೆ ಅದು ಕಂಪೆನಿಯವರು ಮಾರಾಟಕ್ಕೆ ಬಿಟ್ಟ ವರ್ಷ. 1999ರಲ್ಲಿ ತೀರಿಕೊಂಡವರ ವಾದನದ ಪಕ್ಕದಲ್ಲಿ 2016 ಎಂದು ಕಾಣುವುದುಂಟು. ಅದು ಅವರ ಜನ್ಮಶತಾಬ್ದಿಗೆ ಹಳೆಯ ಮುದ್ರಿಕೆಗಳನ್ನು ಹೊಸದಾಗಿ ಹೊರಡಿಸಿದ ವರ್ಷ. ಚೆಕ್ಕಿನ ಮೇಲೆ ಬರೆದ ತಾರೀಖು ಒಂದು, ಹಣ ಜಮಾ ಆದ ತಾರೀಖು ಒಂದು. ಎರಡನ್ನೂ ಒಂದೇ ಎಂದು ತಿಳಿದರೆ ಲೆಕ್ಕ ಕೂಡುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ಧ್ವನಿಮುದ್ರಿಕೆಯನ್ನು ತಾರೀಖು ನೋಡಿ ಕೇಳಬೇಕು. ಯಾರು, ಎಂದು, ಎಲ್ಲಿ, ಯಾರೊಡನೆ ಎಂಬುದನ್ನು ತಿಳಿದು ಕೇಳಿದಾಗ ಅದೇ ತಟ್ಟೆ ಬೇರೆಯೇ ಆಗಿ ಕೇಳುತ್ತದೆ.

ಹೆಸರು ಹೇಳದೆ ದನಿ ಉಳಿಯುವುದಿಲ್ಲ ಎಂಬುದನ್ನು ನಮ್ಮ ದೇಶದ ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಮೊದಲೇ ಅರಿತಿದ್ದಳು. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪೆನಿಯ ಫ್ರೆಡ್ ಗೇಸ್ಬರ್ಗ್ ಎಂಬುವರು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡರು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ತಟ್ಟೆ ಎಂದು ತಿಳಿಯಬೇಕಲ್ಲ! ಆ ಗೌಹರ್ ಜಾನ್ ಕಡೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ತಟ್ಟೆ ಹಾಕಿದರೆ ಇಂದಿಗೂ ಕೊನೆಯಲ್ಲಿ ಆ ಹೆಸರು ಕೇಳುತ್ತದೆ.

ಅದೇ ಗೇಸ್ಬರ್ಗ್, ಮೂವತ್ತು ವರ್ಷದ ಬಳಿಕ, ಲಂಡನ್ನಿನಲ್ಲಿ ಇನ್ನೊಂದು ಕೆಲಸ ಮಾಡಿದರು. ಎಡ್ವರ್ಡ್ ಎಲ್ಗರ್ ಎಂಬ ಇಂಗ್ಲಿಷ್ ವಾಗ್ಗೇಯಕಾರರಿಗೆ ಆಗ 75 ವರ್ಷ. ಅವರ ಪಿಟೀಲು ಕಾನ್ಚೆರ್ಟೊ 1910ರಲ್ಲಿ ಮೊದಲು ವಾದನವಾದದ್ದು. ಕೃತಿ ಕಟ್ಟಿದವರು ಬದುಕಿರುವಾಗಲೇ ಅವರ ನಿರ್ದೇಶನದಲ್ಲಿಯೇ ಇದನ್ನು ಮುದ್ರಿಸಬೇಕೆಂದು ಗೇಸ್ಬರ್ಗರ ಹಂಬಲ. ಪಿಟೀಲಿಗೆ ಅವರು ಆರಿಸಿದ್ದು ಹದಿನಾರು ವರ್ಷದ ಮೆನುಹಿನ್ನನನ್ನು. ಹುಡುಗ ಹೊಸಬನೇನೂ ಆಗಿರಲಿಲ್ಲ. 1927ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಬೀಥೋವನ್ನನ ಕಾನ್ಚೆರ್ಟೊ ನುಡಿಸಿ ದೊಡ್ಡವರನ್ನು ಬೆರಗುಗೊಳಿಸಿದ್ದ. 1928ರಲ್ಲಿ ಮೊದಲ ತಟ್ಟೆ ಕೊಟ್ಟಿದ್ದ. 1929ರಲ್ಲಿ ಬರ್ಲಿನ್ನಿನಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕಾನ್ಚೆರ್ಟೊಗಳನ್ನು ಒಂದೇ ಸಂಜೆ ನುಡಿಸಿದ್ದ. ಐನ್‌ಸ್ಟೈನರು ಆ ಸಭೆಯಲ್ಲಿದ್ದರು.

ಮುದ್ರಣಕ್ಕೆ ಮೊದಲು ಹುಡುಗ ಎಲ್ಗರರ ಮುಂದೆ ಒಮ್ಮೆ ನುಡಿಸಿ ತೋರಿಸಬೇಕೆಂದು ಗೊತ್ತಾಯಿತು. ಪಿಟೀಲು ಪ್ರವೇಶಿಸುವ ಕಡೆಯಿಂದ ಒಂದಿಷ್ಟು ನುಡಿಸುವಷ್ಟರಲ್ಲಿ ಎಲ್ಗರರು, ಇನ್ನು ಹೇಳುವುದೇನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಎದ್ದು ಕುದುರೆ ಪಂದ್ಯಕ್ಕೆ ಹೊರಟುಹೋದರಂತೆ. ಮೆನುಹಿನ್ನರು ಮುಪ್ಪಿನವರೆಗೂ ಹೇಳುತ್ತಿದ್ದ ಕಥೆ ಇದು. ಅದಾದ ಮೇಲೆ 1932ರ ಜುಲೈಯಲ್ಲಿ ಲಂಡನ್ನಿನ ಆಬಿ ರಸ್ತೆಯ ಮುದ್ರಣಾಲಯದಲ್ಲಿ ಇಬ್ಬರೂ ಕೂಡಿ ಕೆಲಸ ಮುಗಿಸಿದರು. ಎರಡು ವರ್ಷಕ್ಕೆ, 1934ರಲ್ಲಿ, ಎಲ್ಗರರು ತೀರಿಕೊಂಡರು.

ಆ ದಿನಗಳ ಮುದ್ರಣ ಹೇಗಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಪ್ಪ ಮೇಣದ ಬಿಲ್ಲೆ ತಿರುಗುತ್ತಿರುತ್ತದೆ. ಮೈಕಿನಿಂದ ಬಂದ ದನಿಗೆ ತಕ್ಕಂತೆ ಮುಳ್ಳು ಅಲುಗಿ ಗೀರು ಕೊರೆಯುತ್ತದೆ. ಒಂದು ಬದಿಗೆ ಹಿಡಿಸುವುದು ನಾಲ್ಕು, ನಾಲ್ಕೂವರೆ ನಿಮಿಷ. ಎಲ್ಗರರ ಕೃತಿ ಸುಮಾರು 50 ನಿಮಿಷದ್ದು. ಭಾಗಿಸಿ ನೋಡಿದರೆ ಹನ್ನೊಂದು ಹನ್ನೆರಡು ಬದಿ ಬೇಕು. ನಾಲ್ಕು ನಿಮಿಷಕ್ಕೊಮ್ಮೆ ಇಡೀ ವೃಂದ ನಿಲ್ಲಬೇಕು, ಹೊಸ ಮೇಣ ಏರಿಸಬೇಕು, ಬಿಟ್ಟ ಕಡೆಯಿಂದ ಅದೇ ಬಿಸಿಯಲ್ಲಿ ಮತ್ತೆ ಹಿಡಿಯಬೇಕು. ನಡುವೆ ಒಬ್ಬ ಕೆಮ್ಮಿದರೆ, ಒಂದು ಸ್ವರ ಜಾರಿದರೆ, ಅದನ್ನಷ್ಟೇ ಅಳಿಸಿ ತಿದ್ದುವ ಉಪಾಯವಿರಲಿಲ್ಲ. ಆ ಬದಿಯನ್ನೇ ಮೊದಲಿನಿಂದ ನುಡಿಸಬೇಕು. ನಮ್ಮ ಹಳೆಯ ಖಾತೆ ಪುಸ್ತಕದಲ್ಲಿ ಕೆರೆದು ತಿದ್ದುವಂತಿರಲಿಲ್ಲ ಎಂದು ಹಿರಿಯ ಸಹೋದ್ಯೋಗಿಗಳು ಹೇಳುವುದನ್ನು ಕೇಳಿದಾಗ ನನಗೆ ಈ ಮೇಣದ ಬಿಲ್ಲೆಯ ನೆನಪಾಗುತ್ತದೆ.

ಇದೆಲ್ಲ ತಿಳಿದು ಆ 1932ರ ಮುದ್ರಿಕೆಯನ್ನು ಹಾಕಿ. ಹಿನ್ನೆಲೆಯಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಇರುತ್ತದೆ. ಐದು ನಿಮಿಷಕ್ಕೆ ಕಿವಿ ಅದನ್ನು ಮರೆಯುತ್ತದೆ. ಕಡೆಯ ಭಾಗದಲ್ಲಿ ಕೆಡೆನ್ಜ ಎಂಬ ಒಂದು ಘಟ್ಟ ಬರುತ್ತದೆ. ಬೇರೆ ಕಾನ್ಚೆರ್ಟೊಗಳಲ್ಲಿ ಅಲ್ಲಿ ವೃಂದವೆಲ್ಲ ಸುಮ್ಮನಾಗಿ ವಾದಕನೊಬ್ಬನೇ ತನ್ನ ಚಳಕ ತೋರಿಸುತ್ತಾನೆ. ಎಲ್ಗರರು ಹಾಗೆ ಮಾಡಲಿಲ್ಲ. ವೃಂದದ ತಂತಿವಾದ್ಯದವರು ಬೆರಳಿನಿಂದ ತಂತಿಗಳನ್ನು ಮೆಲ್ಲಗೆ ಮೀಟುತ್ತಿರುತ್ತಾರೆ, ದೂರದಲ್ಲಿ ಮಳೆ ಹಿಡಿದಂತೆ. ಅದರ ಮೇಲೆ ಪಿಟೀಲು ಹಿಂದಿನ ಭಾಗಗಳಲ್ಲಿ ಬಂದ ಮಾತುಗಳನ್ನೇ ಒಂದೊಂದಾಗಿ ನೆನೆಯುತ್ತದೆ. ನೆನಪು ಎಪ್ಪತ್ತೈದರ ಮುದುಕರದು. ನುಡಿಸುವ ಕೈ ಹದಿನಾರರದು. ನೆನೆಯಲು ಇನ್ನೂ ಏನೂ ಇಲ್ಲದ ವಯಸ್ಸು ಅದು! ಆದರೂ ಹುಡುಗ ಅದನ್ನು ನುಡಿಸಿದ. ಹೇಗೆಂದು ಕೇಳಿದರೆ ಅವನಿಗೇ ಗೊತ್ತಿದ್ದಿರಲಾರದು. ತಾರೀಖು ತಿಳಿಯದೆ ಕೇಳಿದರೆ ಇದು ಒಂದು ಚೆನ್ನಾದ ವಾದನ, ಅಷ್ಟೆ.

ಇನ್ನು 1947ಕ್ಕೆ ಬರೋಣ. ನಡುವಿನ ಹದಿನೈದು ವರ್ಷದಲ್ಲಿ ಪ್ರಪಂಚ ಉರಿದು ಆರಿತ್ತು. ಯುದ್ಧಕಾಲದಲ್ಲಿ ಮೆನುಹಿನ್ನರು ಮಿತ್ರಪಕ್ಷದ ಸೈನಿಕರಿಗಾಗಿ ಐದು ನೂರಕ್ಕೂ ಹೆಚ್ಚು ಕಚೇರಿ ಮಾಡಿದರು. 1945ರ ಜುಲೈಯಲ್ಲಿ, ಬೆಲ್ಸೆನ್ ಎಂಬ ಯಾತನಾಶಿಬಿರದಿಂದ ಬದುಕಿ ಉಳಿದವರ ಮುಂದೆ, ಬೆಂಜಮಿನ್ ಬ್ರಿಟನ್ನರ ಪಿಯಾನೋ ಜೊತೆಗೆ ಪಿಟೀಲು ನುಡಿಸಿದರು. ಯೆಹೂದಿ ಎಂಬ ಹೆಸರು ಹೊತ್ತ ಮನುಷ್ಯ ಆ ಜಾಗದಲ್ಲಿ ನಿಂತು ನುಡಿಸುವುದು ಎಂದರೇನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಜರ್ಮನಿಯಲ್ಲಿ ಆಗ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಎಂಬ ಮಹಾ ನಿರ್ದೇಶಕರಿದ್ದರು. ಹಿಟ್ಲರನ ಕಾಲದಲ್ಲಿ ಬಹುಮಂದಿ ಕಲಾವಿದರು ದೇಶ ಬಿಟ್ಟು ಹೋದರು, ಇವರು ಹೋಗಲಿಲ್ಲ. ಪಕ್ಷದ ಸದಸ್ಯರಾಗಿರಲಿಲ್ಲ, ಕೆಲವು ಯೆಹೂದಿ ಸಂಗೀತಗಾರರಿಗೆ ನೆರವಾಗಿದ್ದರು. ಆದರೂ ಆ ಸರ್ಕಾರದ ಕಾಲದಲ್ಲಿ ಆ ದೇಶದ ವೇದಿಕೆಯ ಮೇಲೆ ಇದ್ದರು. ಯುದ್ಧವಾದ ಮೇಲೆ ಅವರ ಮೇಲೆ ವಿಚಾರಣೆ ನಡೆದು, ಬಿಡುಗಡೆಯಾಗಿ, 1947ರಲ್ಲಿ ಮತ್ತೆ ನಿರ್ದೇಶನಕ್ಕೆ ಬಂದರು. ಅವರ ಪಕ್ಕದಲ್ಲಿ ನಿಲ್ಲಲು ಅನೇಕರು ಒಪ್ಪಲಿಲ್ಲ. ಮೆನುಹಿನ್ನರು ಒಪ್ಪಿದರು. ಆ ವರ್ಷದ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನಿನಲ್ಲಿ ಇಬ್ಬರೂ ಸೇರಿ ಬೀಥೋವನ್ನನ ಕಾನ್ಚೆರ್ಟೊ ಮುದ್ರಿಸಿದರು. ಬಳಿಕ ಬರ್ಲಿನ್ನಿನಲ್ಲಿಯೂ ಕೂಡಿ ನುಡಿಸಿದರು. ಸ್ವಜನರಲ್ಲಿಯೇ ಬಹಳ ಮಂದಿ ಮುನಿದರು. ಬರ್ಲಿನ್ನಿನ ನಿರಾಶ್ರಿತ ಶಿಬಿರದಲ್ಲಿದ್ದ ಯೆಹೂದ್ಯರು ಅವರಿಗಾಗಿಯೇ ಏರ್ಪಡಿಸಿದ ಕಚೇರಿಗೆ ಬರಲಿಲ್ಲ.

ಯಾರದು ಸರಿ? ಮನೆಮಂದಿಯನ್ನು ಬೂದಿಯಾಗಿ ಕಂಡವರ ಮುನಿಸನ್ನು ತಪ್ಪೆನ್ನಲು ನನಗೆ ನಾಲಗೆ ಬರುವುದಿಲ್ಲ. ಹಗೆಯನ್ನು ಎಲ್ಲಿಯಾದರೂ ಒಬ್ಬರು ನಿಲ್ಲಿಸಬೇಕೆಂದ ಮೆನುಹಿನ್ನರದು ಸುಳ್ಳೆನ್ನಲೂ ಬರುವುದಿಲ್ಲ. ಪಿಟೀಲು ಇದಕ್ಕೆ ತೀರ್ಪು ಕೊಡಲಾರದು. ಆದರೆ ಆ ತಟ್ಟೆಯನ್ನು ಕೇಳುವಾಗ ಒಂದು ಘಟ್ಟವನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೃತಿ ಆರಂಭವಾಗುವುದು ನಗಾರಿಯ ಐದು ಮೆಲುಪೆಟ್ಟಿನಿಂದ. ಅಲ್ಲಿಂದ ಮೂರು ನಿಮಿಷಕ್ಕೂ ಮೇಲೆ ವೃಂದವೇ ನುಡಿಸುತ್ತದೆ. ಪಿಟೀಲು ಹೆಗಲಿಗೆ ಏರಿಸದೆ ವಾದಕ ಸುಮ್ಮನೆ ನಿಂತಿರುತ್ತಾನೆ, ಕೇಳುತ್ತಾನೆ. 1947ರ ಆ ಮೂರು ನಿಮಿಷದಲ್ಲಿ ಯಾರು ಯಾರನ್ನು ಕೇಳುತ್ತ ನಿಂತಿದ್ದರು ಎಂಬುದು ತಿಳಿದಾಗ, ಆಮೇಲೆ ಪಿಟೀಲು ಮೆಟ್ಟಿಲೇರಿದಂತೆ ಮೆಲ್ಲಗೆ ಏರಿ ಬರುವುದನ್ನು ಉಸಿರು ಬಿಗಿಹಿಡಿದು ಕೇಳಬೇಕಾಗುತ್ತದೆ.

ಆರು ವರ್ಷವಾದ ಮೇಲೆ, 1953ರಲ್ಲಿ, ಇಬ್ಬರೂ ಇದೇ ಕೃತಿಯನ್ನು ಲಂಡನ್ನಿನಲ್ಲಿ ಮತ್ತೆ ಮುದ್ರಿಸಿದರು. ಅಷ್ಟರಲ್ಲಿ ಮೇಣ ಹೋಗಿ ಕಾಂತಪಟ್ಟಿಯೂ, 78 ಸುತ್ತಿನ ತಟ್ಟೆ ಹೋಗಿ ಎಲ್.ಪಿ.ಯೂ ಬಂದಿದ್ದವು. ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸುವ ಕಾಟ ತಪ್ಪಿತು. ದನಿಯೂ ಬಹಳ ಸ್ವಚ್ಛ. ಈ ಸಲ ಜೊತೆಗಿದ್ದ ವೃಂದ ಲಂಡನ್ನಿನ ಫಿಲ್‌ಹಾರ್ಮೋನಿಯ. ಇಲ್ಲಿ ಕನ್ನಡಿಗರು ತಿಳಿದಿರಬೇಕಾದ ಮಾತೊಂದಿದೆ. ವಾಲ್ಟರ್ ಲೆಗ್ ಎಂಬುವರು ಕಟ್ಟಿದ ಈ ವೃಂದ ಯುದ್ಧಾನಂತರದ ಕಷ್ಟದ ದಿನಗಳಲ್ಲಿದ್ದಾಗ ಅದಕ್ಕೆ ಹಣದ ಆಸರೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ಮೆಡ್ನರ್ ಎಂಬ ಬಡ ರಷ್ಯನ್ ವಾಗ್ಗೇಯಕಾರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರೂ ಅವರೇ. 1950ರಲ್ಲಿ ರಿಚರ್ಡ್ ಸ್ಟ್ರೌಸರ ಕಡೆಯ ನಾಲ್ಕು ಗೀತೆಗಳು ಮೊದಲ ಬಾರಿ ಹಾಡಲ್ಪಟ್ಟದ್ದು ಈ ವೃಂದದೊಡನೆ, ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ, ಒಡೆಯರ ನೆರವಿನಿಂದ. ನಮ್ಮ ದೇವಿಯ ಮೇಲೆ ಕೀರ್ತನೆ ಕಟ್ಟಿದ ದೊರೆಯೇ ಸಮುದ್ರದಾಚೆಯ ಸಂಗೀತವೂ ಕೆಡದಂತೆ ನೋಡಿಕೊಂಡರು. ಇದು ಜಂಭದ ಮಾತಲ್ಲ, ಜಮಾಖರ್ಚಿನ ಮಾತು. ಜಮಾ ಕಡೆಯಲ್ಲಿ ಬರೆದಿಡಬೇಕಾದದ್ದು.

ಈ ನಡುವೆ ಮೆನುಹಿನ್ನರಿಗೆ ಒಂದು ಕಷ್ಟ ಒದಗಿತ್ತು. ಬಾಲ್ಯದಲ್ಲಿ ಅವರು ನುಡಿಸಿದ್ದು ಹಕ್ಕಿ ಹಾರಿದಂತೆ. ಹೇಗೆ ಹಾರುತ್ತೇನೆಂದು ಹಕ್ಕಿ ಯೋಚಿಸುವುದಿಲ್ಲ. ಯೌವನ ಕಳೆಯುತ್ತ ಬಂದಂತೆ, ಯುದ್ಧಕಾಲದ ದಣಿವೂ ಸೇರಿ, ಕಮಾನು ಹಿಡಿದ ಬಲಗೈ ಹೇಳಿದ ಮಾತು ಕೇಳದಾಯಿತು. ಹುಟ್ಟಿನಿಂದ ಬಂದದ್ದನ್ನು ಬುದ್ಧಿಯಿಂದ ಮತ್ತೆ ಕಲಿಯಬೇಕಾಯಿತು. ಆ ಹೊತ್ತಿಗೆ, 1952ರಲ್ಲಿ, ನೆಹರೂ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದರು. ಕ್ಷಾಮ ಪರಿಹಾರಕ್ಕಾಗಿ ಕಚೇರಿಗಳನ್ನು ಮಾಡಿದರು. ಮುಂಬಯಿಯಲ್ಲಿ ಅವರನ್ನು ಕಾಣಲು ಹೋದವರು ನಮ್ಮ ಪುಣೆಯ ಬಿ.ಕೆ.ಎಸ್. ಅಯ್ಯಂಗಾರ್ಯರು.

ಅಯ್ಯಂಗಾರ್ಯರ ಹೆಸರನ್ನು ಈ ಊರಿನಲ್ಲಿ ಪರಿಚಯಿಸಬೇಕಾಗಿಲ್ಲ. ಆದರೆ ಅವರ ಹೆಸರಿನ ಮೊದಲ ಅಕ್ಷರ ಬೆಳ್ಳೂರು, ಕೋಲಾರ ಜಿಲ್ಲೆಯ ಬೆಳ್ಳೂರು, ಎಂಬುದು ಎಲ್ಲರಿಗೂ ನೆನಪಿರುವುದಿಲ್ಲ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಕಲಿತು, 1937ರಲ್ಲಿ, ಭಾಷೆ ಬಾರದ ಈ ಊರಿಗೆ ಹತ್ತೊಂಬತ್ತು ತುಂಬದ ಹುಡುಗನಾಗಿ ಬಂದವರು. ಇಲ್ಲಿಗೆ ಹೊಟ್ಟೆಪಾಡಿಗೆ ಬಂದ ನಮ್ಮೆಲ್ಲರ ಹಿರಿಯಣ್ಣನೆಂದರೂ ಸಲ್ಲುತ್ತದೆ. ಮೆನುಹಿನ್ನರು ಅವರಿಗೆ ಕೊಟ್ಟಿದ್ದು ಐದು ನಿಮಿಷ. ಭೇಟಿ ಬಹಳ ಹೊತ್ತು ನಡೆಯಿತು. ಬಿಗಿದ ನರಗಳಿಗೆ ಅಂಥ ಬಿಡುಗಡೆಯನ್ನು ವಾದಕರು ಕಂಡಿರಲಿಲ್ಲ. 1954ರಲ್ಲಿ ಅಯ್ಯಂಗಾರ್ಯರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಅಯ್ಯಂಗಾರ್ಯರು ಹೊರದೇಶಗಳಲ್ಲಿ ಹೆಸರಾಗಲು ಅದೇ ಮೊದಲಾಯಿತು. ತಮ್ಮ ಅತ್ಯುತ್ತಮ ಪಿಟೀಲು ಗುರುವಿಗೆ ಎಂದು ಕೊರೆಸಿ ಒಂದು ಕೈಗಡಿಯಾರವನ್ನೂ ಕೊಟ್ಟರು. ಪಿಟೀಲು ಹಿಡಿಯಲರಿಯದವರಿಗೆ ಸಂದ ಬಿರುದು! 1966ರಲ್ಲಿ ಅಯ್ಯಂಗಾರ್ಯರ ದೊಡ್ಡ ಯೋಗ ಗ್ರಂಥ ಹೊರಬಂದಾಗ ಮುನ್ನುಡಿ ಬರೆದವರೂ ಮೆನುಹಿನ್ನರೇ.

ಯೋಗದಿಂದ ಕೈ ಮೊದಲಿನಂತೆ ಆಯಿತೆ ಎಂದು ತಾವು ಕೇಳಬಹುದು. ಮೊದಲಿನಂತೆ ಆಗಲಿಲ್ಲ, ಮುಂದುವರಿಯುವಂತೆ ಆಯಿತು. 1966ರಲ್ಲಿ, ಐವತ್ತರ ಅಂಚಿನಲ್ಲಿ, ಆಡ್ರಿಯನ್ ಬೋಲ್ಟರ ನಿರ್ದೇಶನದಲ್ಲಿ ಎಲ್ಗರರ ಅದೇ ಕಾನ್ಚೆರ್ಟೊದ ಎರಡನೆಯ ಮುದ್ರಿಕೆ ಹೊರಬಂತು. ಬಲ್ಲವರು ಎರಡನ್ನೂ ಪಕ್ಕದಲ್ಲಿಟ್ಟು ತೂಗಿ, ಹುಡುಗನದೇ ಮೇಲು ಎನ್ನುತ್ತಾರೆ. ಸ್ವರದ ಬಿಗಿಯಲ್ಲಿ, ಕಮಾನಿನ ಓಟದಲ್ಲಿ ಅದು ನಿಜವೇ ಇರಬಹುದು. ಗ್ರಾಮಾಫೋನು ಹುಟ್ಟುವ ಮುಂಚಿನ ವಾದಕರಿಗೆ ಈ ಸಂಕಟವಿರಲಿಲ್ಲ. ಅವರ ಯೌವನದ ವಾದನ ಕೇಳಿದವರ ನೆನಪಿನಲ್ಲಿ ಉಳಿಯುತ್ತಿತ್ತು. ನೆನಪು ದಾಕ್ಷಿಣ್ಯದ್ದು, ಮುಪ್ಪಿನ ಜೊತೆ ಹೊಂದಿಕೊಂಡು ಹೋಗುತ್ತದೆ. ತಟ್ಟೆಗೆ ದಾಕ್ಷಿಣ್ಯವಿಲ್ಲ. ಮೆನುಹಿನ್ನರು ಜೀವಮಾನವೆಲ್ಲ ತಮ್ಮ ಹದಿನಾರನೆಯ ವಯಸ್ಸನ್ನು ಎದುರಿಗೆ ಕೂರಿಸಿಕೊಂಡು ನುಡಿಸಿದರು.

ಈ ಮಾತು ನನಗೆ ಚೆನ್ನಾಗಿ ಹಿಡಿಸುವುದು ಬ್ಯಾಂಕಿನ ಕೌಂಟರಿನಲ್ಲಿ. ನವೆಂಬರ್ ಬಂದರೆ ತಮಗೆಲ್ಲ ರಾಜ್ಯೋತ್ಸವ; ನಮಗೆ ಪಿಂಚಣಿದಾರರು ಬದುಕಿದ್ದೇವೆಂದು ಪ್ರಮಾಣ ಕೊಡಲು ಬರುವ ತಿಂಗಳು. ಮಾದರಿ ಸಹಿಯ ಕಾಗದವನ್ನು ನಾವು ತೆಗೆದು ನೋಡುತ್ತೇವೆ. ನಲವತ್ತು ವರ್ಷದ ಕೆಳಗೆ ಮಾಡಿದ ಸಹಿ, ಬಾಣ ಬಿಟ್ಟಂತೆ ನೇರ. ಈಗ ಎದುರಿಗೆ ಕುಳಿತವರು ಮಾಡುವ ಸಹಿ ನಡುಗುತ್ತದೆ, ಅಕ್ಷರ ಗೆರೆ ದಾಟುತ್ತದೆ. "ಹೊಂದುವುದಿಲ್ಲ" ಎಂದು ಕಾಗದ ಹಿಂದಕ್ಕೆ ತಳ್ಳುವವನು ಬ್ಯಾಂಕಿನ ಕೆಲಸ ಕಲಿತವನಲ್ಲ. ಎರಡರ ಮೇಲೂ ತಾರೀಖು ನೋಡಬೇಕು. ತಾರೀಖು ನೋಡಿದರೆ ಆ ನಡುಕವೇ ಇವರು ಅವರೇ ಎಂಬುದಕ್ಕೆ ಸಾಕ್ಷಿ. ಹೊಸ ಕಾಗದ ತೆಗೆದು, ಹೊಸ ಸಹಿ ಹಾಕಿಸಿ, ಇಂದಿನ ತಾರೀಖು ಬರೆದು ಹಳೆಯದರ ಜೊತೆಗೇ ಇಡುತ್ತೇವೆ. ಹಳೆಯದನ್ನು ಹರಿಯುವುದೂ ಇಲ್ಲ, ಹೊಸದನ್ನು ತಿರಸ್ಕರಿಸುವುದೂ ಇಲ್ಲ.

1966ರ ಎಲ್ಗರನ್ನು ನಾನು ಹಾಗೆ ಕೇಳುತ್ತೇನೆ. ಕೆಡೆನ್ಜದ ಘಟ್ಟ ಬಂದಾಗ, ಪಿಟೀಲು ಹಿಂದಿನದನ್ನೆಲ್ಲ ನೆನೆಯುವಲ್ಲಿ, ಈಗ ಅವರಿಗೆ ನೆನೆಯುವುದಕ್ಕೆ ಬೇಕಾದಷ್ಟಿದೆ: ಗತಿಸಿದ ಎಲ್ಗರರು, ಬೆಲ್ಸೆನ್ನಿನ ಮುಖಗಳು, ಲುಸರ್ನಿನ ಮುನಿಸು, ಹೇಳಿದ ಮಾತು ಕೇಳದ ಸ್ವಂತ ಕೈ. ದನಿ ಅಲ್ಲಲ್ಲಿ ಅಲುಗುತ್ತದೆ. ಆ ಅಲುಗು ನನಗೆ ಬೇಕು. ಹುಡುಗನ ಮುದ್ರಿಕೆಯನ್ನು ಬೆರಗಿನಿಂದ ಕೇಳುತ್ತೇನೆ. ಹಿರಿಯರದನ್ನು ಹತ್ತಿರದವರ ಮಾತಿನಂತೆ ಕೇಳುತ್ತೇನೆ. ಅದೇ ಹೊತ್ತಿನಲ್ಲಿ ಅವರು ಪಂಡಿತ ರವಿಶಂಕರರ ಸಿತಾರಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನಮ್ಮ ರಾಗಗಳಿಗೂ ಕೈಹಾಕಿದರು. ಜಗತ್ತೇ ಗುರುವೆಂದು ಒಪ್ಪಿದ ವಯಸ್ಸಿನಲ್ಲಿ ಶಿಷ್ಯನ ಜಾಗಕ್ಕೆ ಇಳಿದರು. 1963ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಸಂಗೀತ ಶಾಲೆ ತೆರೆದಿದ್ದರು. 1968ರ ಸಾಲಿನ ನೆಹರೂ ಪ್ರಶಸ್ತಿಯೂ ಅವರಿಗೆ ಸಂದಿತು.

ಕೇಳಬೇಕೆಂದು ಮನಸ್ಸಾದವರಿಗೆ ನನ್ನದೊಂದು ಸಣ್ಣ ಪಟ್ಟಿ. ಮೊದಲು 1932ರ ಎಲ್ಗರ್. ಎರಡನೆಯದು, ಅದೇ ವರ್ಷ ಪ್ಯಾರಿಸ್ಸಿನಲ್ಲಿ ಗುರು ಜಾರ್ಜ್ ಎನೆಸ್ಕುರವರ ಜೊತೆ ಕೂಡಿ ನುಡಿಸಿದ ಬಾಖನ ಜೋಡಿ ಪಿಟೀಲಿನ ಕಾನ್ಚೆರ್ಟೊ. ಅದರ ನಡುವಣ ಭಾಗದಲ್ಲಿ ಗುರು ಯಾರು ಶಿಷ್ಯ ಯಾರು ಎಂದು ಬೇರ್ಪಡಿಸಲು ಪ್ರಯತ್ನಿಸಿ ನೋಡಿ. ಮೂರನೆಯದು 1947ರ ಬೀಥೋವನ್, ನಾಲ್ಕನೆಯದು 1953ರದು. ಐದನೆಯದು 1966ರ ಎಲ್ಗರ್. ದಿನಕ್ಕೊಂದರಂತೆ, ಇದೇ ಕ್ರಮದಲ್ಲಿ. ಫೋನಿನಲ್ಲಿ ಕಾಣುವ ವರ್ಷವನ್ನು ನಂಬದೆ, ನಿರ್ದೇಶಕರ ಹೆಸರು, ವೃಂದದ ಹೆಸರು ನೋಡಿ ಆರಿಸಿಕೊಳ್ಳಬೇಕು. ಎಲ್ಗರ್ ಎಂದಿದ್ದರೆ 1932, ಬೋಲ್ಟ್ ಎಂದಿದ್ದರೆ 1966, ಲುಸರ್ನ್ ಎಂದಿದ್ದರೆ 1947, ಫಿಲ್‌ಹಾರ್ಮೋನಿಯ ಮತ್ತು ಫುರ್ಟ್‌ವೆಂಗ್ಲರ್ ಎಂದಿದ್ದರೆ 1953.

ಕಡೆಯದಾಗಿ ನಮ್ಮ ಮನೆಗಳ ಮಾತು. ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ಅದರಲ್ಲಿ ನಮ್ಮ ಅಜ್ಜಿ ಬೀಸುವ ಕಲ್ಲಿನ ಪದವೊಂದನ್ನು ಹೇಳುತ್ತಾರೆ. ನಡುವೆ ಒಂದು ಕಡೆ ದನಿ ಕಟ್ಟುತ್ತದೆ, ಒಂದು ಗಳಿಗೆ ನಿಲ್ಲಿಸಿ ಮತ್ತೆ ಹಿಡಿಯುತ್ತಾರೆ. ಕ್ಯಾಸೆಟ್ಟಿನ ಮೇಲೆ ತಾರೀಖಿಲ್ಲ. ಅಜ್ಜ ತೀರಿಕೊಂಡ ಮೇಲೆ ಹೇಳಿದ್ದು ಎಂದು ಅಮ್ಮ ಹೇಳುತ್ತಾರೆ. ಅಲ್ಲ, ಅದಕ್ಕೂ ಮೊದಲಿನದು, ಆಗ ಅವರಿಗೆ ನೆಗಡಿಯಾಗಿತ್ತು ಎಂದು ಚಿಕ್ಕಪ್ಪ ಹೇಳುತ್ತಾರೆ. ಅಜ್ಜಿ ಈಗಿಲ್ಲ. ಆ ಒಂದು ಗಳಿಗೆಯ ಮೌನದಲ್ಲಿ ಇರುವುದು ದುಃಖವೋ ನೆಗಡಿಯೋ ಎಂಬುದು ನಮ್ಮ ಮನೆಯಲ್ಲಿ ಎಂದೆಂದಿಗೂ ಇತ್ಯರ್ಥವಾಗುವಂತಿಲ್ಲ. ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಇಲ್ಲಿ ಕುಳಿತಿರುವ ಹಿರಿಯರಲ್ಲಿ 1956ರ ಏಕೀಕರಣವನ್ನು ಕಣ್ಣಾರೆ ಕಂಡವರಿದ್ದೀರಿ. ಧಾರವಾಡದ, ಮಂಗಳೂರಿನ, ಕೋಲಾರದ, ಬೀದರಿನ ಕನ್ನಡ ತಮ್ಮ ನಾಲಗೆಯ ಮೇಲೆ ಇನ್ನೂ ಬೇರೆ ಬೇರೆಯಾಗಿ ಉಳಿದಿದೆ. ಮುಳಾ-ಮುಠಾ ನದಿಗಳ ದಡದಲ್ಲಿ ಬೆಳೆದ ನಮ್ಮ ಮಕ್ಕಳ ನಾಲಗೆಯ ಮೇಲೆ ಅದು ಉಳಿಯುವ ಭರವಸೆ ನನಗಿಲ್ಲ. ಆದ್ದರಿಂದ ಸಂಘದ ಮುಂದೆ ನನ್ನದೊಂದು ಸೂಚನೆ. ಬರುವ ವರ್ಷದಲ್ಲಿ ತಿಂಗಳಿಗೆ ಇಬ್ಬರಂತೆ ಹಿರಿಯರ ಮಾತನ್ನು, ಪದವನ್ನು, ಬಯ್ಗುಳವನ್ನಾದರೂ ಸರಿ, ಮುದ್ರಿಸಿಕೊಳ್ಳೋಣ. ಅದಕ್ಕೆ ಇಂದು ಮೇಣವೂ ಬೇಡ, ಮುದ್ರಣಾಲಯವೂ ಬೇಡ; ಜೇಬಿನಲ್ಲಿರುವ ಫೋನು ಸಾಕು. ದನಿ ನಡುಗುತ್ತದೆ, ಹಲ್ಲಿಲ್ಲ ಎಂದು ಯಾರೂ ಸಂಕೋಚಪಡಬಾರದು. ಆರಂಭದಲ್ಲಿ ಗೌಹರ್ ಜಾನಳಂತೆ ತಮ್ಮ ಹೆಸರನ್ನು ತಾವೇ ಹೇಳಬೇಕು. ಹುಟ್ಟಿದ ಊರು ಹೇಳಬೇಕು. ಅಂದಿನ ತಾರೀಖು ಹೇಳಬೇಕು. ಅದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನದು. ಸಂಬಳವಿಲ್ಲದೆ ಮಾಡುತ್ತೇನೆ.

 ಮೊದಲನೆಯ ಹೆಸರನ್ನು ಇಂದೇ, ಈ ಸಭೆ ಮುಗಿಯುವ ಮೊದಲು, ಯಾರಾದರೂ ಬರೆಸಬೇಕೆಂದು ಬೇಡುತ್ತೇನೆ.